ಸೀಸೆಯಲ್ಲಿಟ್ಟ ಹಲ್ಲು

"ಅತ್ತೆ ಕೊಡೋದನ್ನ ಬೇಕಾದ್ರೆ ತಗೊಳ್ಳಿ. ಆದ್ರೆ ನಿಮ್ಮ ಬಾಯಿಂದ ಬಿದ್ದ ಹಲ್ಲು ಮಾತ್ರ ಅವರ ಕೈಗೆ ಸಿಗಬಾರದು" ಎಂದಳು ಭಾವನ ಹೆಂಡತಿ.

ಮದುವೆಯಾದ ಮೇಲೆ ಮೊದಲ ಸಲ ಆ ಮನೆಗೆ ಊಟಕ್ಕೆ ಬಂದಿದ್ದ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಲ್ಲಿನ ಡಾಕ್ಟರ್. ದಿನವಿಡೀ ಜನರಿಗೆ "ಆ ಅನ್ನಿ" ಎಂದು ಹೇಳಿ ಹಲ್ಲು ಕೀಳುವವನಿಗೆ ಇಂಥ ಮಾತು ಹೇಳಿದರೆ ನಗದೆ ಏನು ಮಾಡಿಯಾನು?

"ಯಾಕಕ್ಕ, ಅತ್ತೆ ಹಲ್ಲಿನ ಸರ ಮಾಡಿಸ್ಕೋತಾರಾ?"

ಅವಳು ನಗಲಿಲ್ಲ. ಟವೆಲು ಮಡಿಸುತ್ತಿದ್ದವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಇವರು ಮೊದಲು ಹೀಗಿರಲಿಲ್ಲ. ನನ್ನ ಮದುವೆ ಹೊಸದರಲ್ಲಿ ಮೆಟ್ಟಿಲು ಹಾರಿ ಹಾರಿ ಇಳೀತಿದ್ರು. ಅತ್ತೆ ಯಾರ ಹತ್ರವೋ ಏನೋ ಮಾಡಿಸಿದಾರೆ."

ಇವರು ಎಂದರೆ ಅವಳ ಗಂಡ, ಆ ಮನೆಯ ಹಿರಿಮಗ, ನಲವತ್ತು ದಾಟಿದ ಗಂಡಸು. ಊಟಕ್ಕೆ ಮುಂಚೆ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಕತ್ತೆತ್ತಿ ನಿಂತಿದ್ದ, ಅಮ್ಮ ಬಂದು ಹಾಕಿದ್ದಳು. ಅಳಿಯನ ಕಣ್ಣಿಗೆ ಅದು ಶುದ್ಧ ಸೋಮಾರಿತನ. ಮಾವನಿಗೆ ಬಟ್ಟೆ ಗಿರಣಿಗಳಿದ್ದವು. ಮಕ್ಕಳ ಮನೆ ಬಾಡಿಗೆ, ಕಾರು, ಮುಳುಗಿದ ವ್ಯಾಪಾರ ಎಲ್ಲಕ್ಕೂ ಅವರೇ ಕೊಡುತ್ತಿದ್ದರು. ಕೂತಲ್ಲಿಗೇ ಎಲ್ಲ ಬಂದು ಬೀಳುವಾಗ ಕೈಕಾಲಿಗೆ ಜಂಗು ಹಿಡಿಯುವುದರಲ್ಲಿ ಮಾಟ ಎಲ್ಲಿಂದ ಬಂತು ಎಂದು ಅವನು ಮನೆಗೆ ಮರಳುವ ದಾರಿಯುದ್ದಕ್ಕೂ ಹೆಂಡತಿಯನ್ನು ರೇಗಿಸಿದ.

ಕೊಡುವುದಕ್ಕೂ ಆ ಮನೆಯಲ್ಲಿ ಒಂದು ರೀತಿಯಿತ್ತು. ಮಾವ ಚೆಕ್ಕಿಗೆ ಸಹಿ ಹಾಕಿ ಅತ್ತೆಯ ಕೈಗೆ ಕೊಡುವರು. ಅತ್ತೆ ಒಳಕೋಣೆಗೆ ಹೋಗಿ ಬಂದು, ಪಡೆಯುವವರ ನಾಲಿಗೆಗೆ ತನ್ನ ಬೆರಳಿಂದಲೇ ಚಿಟಿಕೆ ಸಕ್ಕರೆ ಹಾಕಿ, ಆಮೇಲೆ ಚೆಕ್ಕು ಕೊಡುವಳು. ಸಕ್ಕರೆ ಬೇಡವೆಂದವರಿಗೆ ಚೆಕ್ಕೂ ಇಲ್ಲ.

ಅಳಿಯ ಆಗ ಬೇರೆಯವರ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ. "ಸ್ವಂತ ಕ್ಲಿನಿಕ್ಕಿಗೆ ಅಪ್ಪ ದುಡ್ಡು ಕೊಡ್ತೀನಿ ಅಂತಿದಾರೆ. ನಿಮ್ಮ ಬಿಂಕ ಯಾರಿಗೆ ಬೇಕು?" ಎಂದು ಹೆಂಡತಿ ಬೆನ್ನು ಬಿದ್ದಳು. ಅವನು ಒಂದಷ್ಟು ದಿನ ಮುಖ ಬಿಗಿದುಕೊಂಡಿದ್ದು, ಹೊಸ ಕುರ್ಚಿಯ ಚಿತ್ರ ನೋಡಿದ ಮೇಲೆ ಸಡಿಲಾದ. ಮಗಳೆಂದು ಸಕ್ಕರೆಯನ್ನು ಅವಳು ತಿಂದಳು. ಹೊಸ ಕ್ಲಿನಿಕ್ಕಿನ ಬೀಗದಕೈ ಅವನಿಗೆ ಬಂತು.

ಕ್ಲಿನಿಕ್ಕು ತೆರೆದ ದಿನ ಎಲ್ಲರೂ ಬಂದರು. ಹೊಸ ಬಣ್ಣದ ವಾಸನೆ, ಲವಂಗದ ಎಣ್ಣೆಯ ವಾಸನೆ. ಮೇಜಿನ ಮೇಲೆ ಸಣ್ಣ ಗಾಜಿನ ಸೀಸೆಯಲ್ಲಿ ಕಪ್ಪು ತೂತು ಬಿದ್ದ ದವಡೆ ಹಲ್ಲೊಂದಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದಳು.

"ಇದು ಯಾರದು ಅಳಿಯಂದ್ರೇ?"

"ನಂದೇ ಅತ್ತೆ, ಓದುವಾಗ ಕೀಳಿಸಿದ್ದು. ಡಾಕ್ಟರ ಹಲ್ಲೇ ಹುಳುಕು ಅಂದ್ರೆ ಬಂದವರಿಗೆ ಭಯ ಕಮ್ಮಿಯಾಗುತ್ತೆ."

ಭಾವನ ಹೆಂಡತಿಯ ಮುಖದಲ್ಲಿ ರಕ್ತವಿರಲಿಲ್ಲ. ಅವನು ಬೇಕೆಂದೇ ಅವಳತ್ತ ನೋಡಿ ಕಣ್ಣು ಮಿಟುಕಿಸಿದ. ಮರುದಿನ ಸೀಸೆ ಕಾಣಲಿಲ್ಲ. ಕಸ ಗುಡಿಸುವವಳು ಎಸೆದಿರಬೇಕೆಂದುಕೊಂಡು ಸುಮ್ಮನಾದ.

ಆಮೇಲೆ ಎಕ್ಸ್‌ರೇ ಯಂತ್ರ ಬಂತು, ಬಾಡಿಗೆಯ ಹಣ ಬಂತು. ಈಗ ಅತ್ತೆ ಅವನ ಬಾಯಿಗೂ ಸಕ್ಕರೆ ಹಾಕತೊಡಗಿದಳು. "ನೀನೂ ನನ್ನ ಮಗನೇ" ಎಂದಳು. ಬಹುವಚನ ಯಾವಾಗ ಬಿಟ್ಟುಹೋಯಿತೆಂದು ಅವನು ಗಮನಿಸಲಿಲ್ಲ. ಆ ಸಕ್ಕರೆಗೆ ಹಳಸಿದ ಹಾಲಿನ ವಾಸನೆಯಿತ್ತು.

ಒಂದು ಬೆಳಿಗ್ಗೆ ಹೆಂಡತಿ ಹಲ್ಲು ಅಲುಗುತ್ತಿದೆ ಎಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ದೀಪ ಎಳೆದು "ಆ ಅನ್ನು" ಎಂದ. ಅಂದವನ ಕೈಯಿಂದ ಕನ್ನಡಿ ಜಾರಿತು. ಆ ಬಾಯನ್ನು ಅವನು ಬಲ್ಲ. ಈಗ ಅದರ ಮುಂಭಾಗದಲ್ಲಿದ್ದವು ಅಕ್ಕಿಕಾಳಿನಂತೆ ಬೆಳ್ಳಗೆ, ಸಣ್ಣಗೆ, ಸಂದುಸಂದಾಗಿ ನಿಂತ ಹಾಲುಹಲ್ಲುಗಳು. ಮೂವತ್ತು ತುಂಬಿದ ಹೆಂಗಸಿನ ಬಾಯಲ್ಲಿ ಹಾಲುಹಲ್ಲು. ಅವನು ಓದಿದ ಯಾವ ವಿದ್ಯೆಯಲ್ಲೂ ಇದಕ್ಕೆ ಜಾಗವಿರಲಿಲ್ಲ.

ಕನ್ನಡಿ ಎತ್ತಿಕೊಳ್ಳಲು ಬಗ್ಗಿದ. ಬೆರಳು ಮಡಿಚಿಕೊಳ್ಳಲಿಲ್ಲ. ಹೆಬ್ಬೆರಳು ಒದ್ದೆಯಾಗಿತ್ತು. ಅದನ್ನು ಬಾಯಿಗೆ ಹಾಕಿಕೊಂಡಿದ್ದು ಯಾವಾಗ ಎಂಬುದೇ ಅವನಿಗೆ ನೆನಪಿಲ್ಲ.

ಭಾವನ ಹೆಂಡತಿಗೆ ಫೋನು ಮಾಡಿದಾಗ ಅವಳು ಕೋಣೆಯ ಬಾಗಿಲು ಮುಚ್ಚಿ ಬಂದು ಹೇಳಿದಳು.

"ಮಕ್ಕಳ ಬಿದ್ದ ಹಲ್ಲನ್ನೆಲ್ಲ ಅತ್ತೆ ಇಟ್ಕೊಂಡಿದಾರೆ. ಸಕ್ಕರೆ ಅದರ ಜೊತೆಗೇ ಇರುತ್ತೆ. ಒಬ್ಬೊಬ್ಬರದು ಒಂದೊಂದು ಡಬ್ಬಿ. ನಿಮ್ಮ ಹೆಂಡತಿಯ ಡಬ್ಬಿ ಹೊರಗೆ ಒಯ್ದು, ಈ ಮನೆಯಿಂದ ಮತ್ತೇನೂ ತಗೊಳ್ಳದಿದ್ರೆ ಅವಳು ಉಳೀತಾಳೆ."

"ಭಾವಂದು ನೀವು ಯಾಕೆ ಒಯ್ಯಲಿಲ್ಲ?"

"ನಂಗೆ ಗೊತ್ತಾಗೋ ಹೊತ್ತಿಗೆ ಕಾಲ ಮೀರಿತ್ತು, ಇವರ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಈಗ ಇರೋದೆಲ್ಲ ಕಟ್ಟಿಸಿದ ಹಲ್ಲು."

ಮಧ್ಯಾಹ್ನ ಅತ್ತೆ ನಿದ್ದೆ ಮಾಡುವ ಹೊತ್ತು. ಕಾರು ನಡೆಸಿ ತಂದ ಹೆಂಡತಿಯನ್ನು ಅದರಲ್ಲೇ ಕೂರಿಸಿ, ಇಂಜಿನ್ ಆರಿಸಬೇಡವೆಂದು ಹೇಳಿ ಅವನು ಅತ್ತೆಯ ಮನೆಯೊಳಗೆ ಬಂದ. ಭಾವನ ಹೆಂಡತಿ ಒಳಕೋಣೆಯ ಚಿಲಕ ತೆಗೆದು ಹೊರಗೇ ನಿಂತಳು. ಕಿಟಕಿಗೆ ದಪ್ಪ ಪರದೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಕಣ್ಣಿಗೆ ಏನೂ ಕಾಣದು. ಪೌಡರಿನ ಘಾಟು, ಒಡೆದ ಹಾಲಿನ ವಾಸನೆ ಗಂಟಲಿಗೇ ಬಂದು ಕೂತಿತು. ಕಪಾಟು ತಡವಿದ. ತಗಡಿನ ಡಬ್ಬಿಯೊಂದು ಕೈಗೆ ತಗುಲಿತು. ಅಲುಗಿಸಿದ. ಗಿಲಕಿಯ ಸದ್ದು. ಬಾಗಿಲ ಸಂದಿನ ಬೆಳಕಿಗೆ ಹಿಡಿದ, ಮುಚ್ಚಳದ ಮೇಲೆ ಹೆಂಡತಿಯ ಚಿಕ್ಕಂದಿನ ಚಿತ್ರ ಅಂಟಿಸಿತ್ತು. ಬೆರಳಿಗೆ ಹಿಡಿತವಿಲ್ಲ, ಎದೆಗವಚಿಕೊಂಡ. ಸೀಸೆಗಾಗಿ ಹುಡುಕಿದ. ಇಲ್ಲ. ಮತ್ತೆ ಹುಡುಕಿದ. ಇಲ್ಲ.

"ಅದು ನನ್ನ ಹತ್ರ ಇದೆ ಕಂದ."

ಅತ್ತೆ ಮೂಲೆಯ ಕುರ್ಚಿಯಲ್ಲೇ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಮಕ್ಕಳು ಬೆಳೆದ ಮೇಲೆ ದುಡ್ಡಿಗೆ ಮಾತ್ರ ಬರ್ತಾರೆ. ಚಿಕ್ಕವರಿದ್ದಾಗ ನನಗೋಸ್ಕರ ಬರ್ತಿದ್ರು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. "ಒಂದನ್ನ ಬಿಟ್ಟುಕೊಟ್ಟರೆ ಇನ್ನೊಂದು ಇಲ್ಲೇ ಇರಬೇಕು. ಮಾಟ ಮಾಡಿಕೊಟ್ಟವನು ಹಾಗೇ ಹೇಳಿದಾನೆ. ಯಾವುದು ಬೇಕೋ ನೀನೇ ತಗೋ."

ಅವಳು ಮುಷ್ಟಿ ಬಿಚ್ಚಿದಳು. ಸೀಸೆ ಮಿಣ್ಣಗೆ ಹೊಳೆಯಿತು.

ಅವನು ಅದನ್ನು ನೋಡಿದ. ಬದುಕಿನಲ್ಲಿ ಯಾವುದನ್ನೂ ಅಷ್ಟು ಬಯಸಿರಲಿಲ್ಲ. ಹೊರಗೆ ಕಾರು ಗುರುಗುಟ್ಟುತ್ತಿತ್ತು. ಕಾರಿನಲ್ಲಿ ಹೆಂಡತಿ ಹಾಲುಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು.

ಬಾಗಿಲಿಗೆ ತಿರುಗಿ ಡಬ್ಬಿಯನ್ನು ಭಾವನ ಹೆಂಡತಿಯ ಕೈಗೆ ತುರುಕಿದ. "ಅವಳಿಗೆ ಕೊಡಿ ಅಕ್ಕ. ಹೊರಡು ಅನ್ನಿ. ಇನ್ನೇನೂ ಹೇಳಬೇಡಿ."

ಅವಳು ಓಡಿದಳು. ಅವನೂ ಓಡಬೇಕೆಂದುಕೊಂಡ. ಮೊಣಕಾಲು ಕುಸಿಯಿತು. ಏಳಲು ನೋಡಿದ. ಆಗಲಿಲ್ಲ. ಅಂಗೈ ನೆಲಕ್ಕೆ ಊರಿದ. ಅಂಬೆಗಾಲಿಟ್ಟ. ಹೊಸ್ತಿಲು ಗೋಡೆಯಷ್ಟು ಎತ್ತರ ಕಂಡಿತು. ಹೆಂಡತಿಯನ್ನು ಕೂಗಿದ. ಬಾಯಿಂದ ಬಂದದ್ದು ಅವಳ ಹೆಸರಲ್ಲ, ಬರೀ ಅಳು. ಕಾರಿನ ಬಾಗಿಲು ದಡ್ಡೆಂದಿತು. ಸದ್ದು ದೂರವಾಯಿತು. ಇನ್ನೂ ದೂರ. ಆಮೇಲೆ ಇಲ್ಲ.

ಹಿಂದಿನಿಂದ ಎರಡು ಬೆಚ್ಚನೆಯ ಕೈಗಳು ಅವನನ್ನು ತೊಡೆಗೆಳೆದುಕೊಂಡವು. ತುಟಿಯ ಬಳಿ ಬೆರಳು ಬಂತು, ಹಾಲಿನ ವಾಸನೆ ಬಂತು.

"ಆ ಅನ್ನು" ಎಂದಳು ಅತ್ತೆ.

ಅವನು ಬಾಯಿ ತೆರೆದ.