ಕೇಳಿಸುತ್ತಿತ್ತು, ಉಸಿರಿರಲಿಲ್ಲ

"ಟೈಲರ್ ಉಸಿರಾಡುತ್ತಿಲ್ಲ!"

ಮಧ್ಯಾಹ್ನ ಎರಡೂವರೆಗೆ ನರ್ಸ್ ಕಿರುಚಿಕೊಂಡಳು. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮೇಲೆ ಬದುಕಿದ್ದ ಟೈಲರ್‌ಗೆ ಹರ್ನಿಯಾ ಆಪರೇಷನ್ ಮುಗಿದು ಅರ್ಧ ಗಂಟೆಯಾಗಿತ್ತಷ್ಟೆ. ತುಟಿ ನೀಲಿಗಟ್ಟಿತ್ತು. ಮತ್ತೆ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಾಕಿದರು. ಜೀವ ಉಳಿಯಿತು. ಆರೋಪ ಮಾತ್ರ ನರ್ಸ್ ತಲೆಗೆ ಬಂತು—ನೋವಿನ ಇಂಜೆಕ್ಷನ್ ಜಾಸ್ತಿ ಕೊಟ್ಟಳಂತೆ.

ಮರುದಿನ ವಿಚಾರಣೆಗೆ ಬಂದವರು ನಮ್ಮ ಮೇಡಂ. ಮೂವತ್ತು ವರ್ಷ ಅರಿವಳಿಕೆ ಕೊಟ್ಟು ನಿವೃತ್ತರಾದವರು. ಬರೆದುಕೊಳ್ಳಲು ನಾನು.

"ಎಷ್ಟು ಕೊಟ್ಟೆಯಮ್ಮ?"

"ಹೇಳಿದಷ್ಟೇ ಮೇಡಂ. ನನ್ನ ಮಗಳಾಣೆ!" ಎಂದಳು ನರ್ಸ್.

ಅರಿವಳಿಕೆ ಡಾಕ್ಟರ್ ಚಾರ್ಟ್ ಮುಂದಿಟ್ಟ. "ಸ್ನಾಯು ಸಡಿಲಿಸೋಕೆ ಅಟ್ರಾಕ್ಯೂರಿಯಂ ಕೊಟ್ಟೆ. ತಾನಾಗೇ ಕರಗಿಹೋಗುತ್ತೆ, ಅದಕ್ಕೆ ಕಿಡ್ನಿಯ ಹಂಗಿಲ್ಲ."

"ಸರಿಯಾದದ್ದೇ," ಎಂದರು ಮೇಡಂ.

ಹಾಗಾದರೆ ನರ್ಸ್ ಕಥೆ ಮುಗಿಯಿತೇ?

ವಾರ್ಡಿನಲ್ಲಿ ಟೈಲರ್ ಪಿಸುಗುಟ್ಟಿದ: "ನರ್ಸಮ್ಮ ಕಿರುಚಿದ್ದು, ಟ್ರೇ ಬಿದ್ದಿದ್ದು—ಎಲ್ಲಾ ಕೇಳಿಸ್ತಿತ್ತು. ರೆಪ್ಪೆ ಎತ್ತೋಕಾಗ್ಲಿಲ್ಲ. ಜೀವಂತ ಹೂತುಬಿಟ್ರು ಅನ್ಕೊಂಡೆ."

ಮೇಡಂ ದಡಬಡ ನಡೆದರು. ಆಪರೇಷನ್ ಕೋಣೆಯ ಕಸದ ಡಬ್ಬಿಗೆ ವಿಚಾರಣೆಗೆಂದು ಹಿಂದಿನ ದಿನವೇ ಸೀಲ್ ಹಾಕಿದ್ದರು. ಒಡೆಸಿದರು. ಒಳಗೆ ಔಷಧ ಕಲಸುವ ನೀರಿನ ಎರಡು ಖಾಲಿ ಆಂಪೂಲ್ ಸೀಸೆ.

"ಡಾಕ್ಟರೇ, ಇದ್ಯಾಕೆ?"

"ಆಂಟಿಬಯಾಟಿಕ್‌ಗೆ."

"ಅದನ್ನ ವಾರ್ಡಿನಲ್ಲೇ ಕೊಟ್ಟಿದ್ರು. ನೋವಿನ ಔಷಧ ಮಿತಿ ಮೀರಿದ್ರೆ ಮಂಪರು ಕವಿಯುತ್ತೆ. ಇವನು ಎಚ್ಚರವಾಗೇ ಇದ್ದ—ಮೈ ಮಾತ್ರ ಸತ್ತಿತ್ತು. ಅಟ್ರಾಕ್ಯೂರಿಯಂ ದ್ರವ, ನೀರು ಬೇಕಿಲ್ಲ. ನೀರು ಬೇಕಾದದ್ದು ವೆಕುರೋನಿಯಂ ಪುಡಿಗೆ, ಅದೂ ಸ್ನಾಯು ಸಡಿಲಿಸೋದೇ. ಮತ್ತೆ ಮತ್ತೆ ಕೊಟ್ರೆ ಕಿಡ್ನಿ ಕೆಟ್ಟವರ ಮೈಯಲ್ಲಿ ಅದು ಉಳ್ಕೊಂಡುಬಿಡುತ್ತೆ. ಟೈಲರ್ ಉಸಿರು ನಿಲ್ಲಿಸಿದ್ದು ನೀವು. ಹೌದೋ ಅಲ್ವೋ?"

ಡಾಕ್ಟರ್ ಕುರ್ಚಿ ಎಳೆದು ಕೂತ. "ಅಟ್ರಾಕ್ಯೂರಿಯಂ ಇಟ್ಟಿದ್ದ ಫ್ರಿಜ್‌ನ ಬೀಗದ ಕೈ ಸಿಗಲಿಲ್ಲ. ಸರ್ಜನ್ ಅವಸರ ಮಾಡಿದ್ರು. ಕೈಗೆ ಸಿಕ್ಕಿದ್ದು ಕೊಟ್ಟೆ…"

"ಕೊಟ್ಟಿದ್ದನ್ನ ಹೇಳಿದ್ರೆ ಸಂಜೆವರೆಗೂ ಯಂತ್ರದಲ್ಲೇ ಇಟ್ಟು ಕಾಯಬಹುದಿತ್ತು. ನೀವು ಸುಳ್ಳು ಬರೆದ್ರಿ. ನರ್ಸ್ ಅದನ್ನ ನಂಬಿದಳು."

ಅವನು ಚಾರ್ಟ್ ತಿದ್ದಲು ಪೆನ್ನು ತೆಗೆದ. ಮೇಡಂ ಕೈ ಅಡ್ಡ ಹಿಡಿದರು.

"ಅದು ಆಮೇಲೆ. ಮೊದಲು ಹೊರಗೆ ಕೂತಿರೋ ಆ ನರ್ಸ್ ಹೆಣ್ಣುಮಗಳ ಮುಖ ನೋಡಿ ನಿಜ ಹೇಳಿ ಬನ್ನಿ."