ಹಿಂದಕ್ಕೆ ಕೋಡಿದ್ದ ಮೃಗ

ಕೆಂಚಿಗೆ ಒಂದು ಅಭ್ಯಾಸ. ಎಲ್ಲಿಗೇ ಹೋಗಲಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳುವಳು. ಮುಷ್ಟಿ ಬಿಗಿದು ಹಿಚುಕುವಳು. ಆಮೇಲೆ ಒಂದೊಂದೇ ಬೆರಳು ಬಿಚ್ಚಿ ನೋಡುವಳು. ಮದುವೆಮನೆಗೆ ಹೋದರೆ ಚಪ್ಪರದ ಕಂಬದ ಬುಡದಲ್ಲಿ ಒಂದು ಹಿಡಿ, ನೆಂಟರ ಮನೆಗೆ ಹೋದರೆ ಹಿತ್ತಲಲ್ಲಿ ಒಂದು ಹಿಡಿ. ಯಾರ ಹತ್ತಿರವೂ ಹೆಚ್ಚು ಮಾತಾಡದ ಹುಡುಗಿ ಮಣ್ಣನ್ನು ಮಾತ್ರ ಹೀಗೆ ವಿಚಾರಿಸಿಕೊಳ್ಳುತ್ತಿದ್ದಳು.

“ಏನೇ ಅದು, ಕೋಡುಬಳೆ ಹಿಟ್ಟಾ?” ಎಂದು ಅವಳ ಅಣ್ಣ ಜವರ ರೇಗಿಸುವನು.

“ಹದ ನೋಡ್ತಿದೀನಿ ಅಣ್ಣಯ್ಯ,” ಅನ್ನುವಳು ಕೆಂಚಿ. ಅಷ್ಟೇ.

ಇದು ನಿನ್ನೆ ಮೊನ್ನೆಯ ಮಾತಲ್ಲ. ಬೆಟ್ಟಗಳು ಬೇಸರವಾದಾಗ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದ ಕಾಲದ ಮಾತು. ಆಗ ಸಾವಿರಪಾತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಹೊಲವಿಲ್ಲ, ಗದ್ದೆಯಿಲ್ಲ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಚಾಪೆ ಹಾಸಿದ ಹಾಗೆ ಸಾವಿರ ಪಾತಿಗಳು. ಜೋಡಿ ಎತ್ತು ತಿರುಗೋದಕ್ಕೂ ಜಾಗವಿಲ್ಲ. ಆದರೆ ಬೆಳೆಯುತ್ತಿದ್ದುದೇನು ಗೊತ್ತೇ? ಸಂಜೆ ಬಿತ್ತಿದ ಅವರೆ ಬೆಳಿಗ್ಗೆ ಚಪ್ಪರ ಹತ್ತಿರುತ್ತಿತ್ತು. ಬದನೆಕಾಯಿಗಳು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿದ್ದವು. ಕುಂಬಳಕಾಯಿ ಬಲಿತರೆ ತಾನೇ ಉರುಳಿಕೊಂಡು ಬಂದು ಬಾಗಿಲು ತಟ್ಟುತ್ತಿತ್ತು.

ಇದನ್ನು ನೋಡಿ ಹೊಟ್ಟೆ ಉರಿದುಕೊಂಡವನು ಒಬ್ಬನೇ ಒಬ್ಬ, ಎದುರುಬೆಟ್ಟದ ಮಾಂತ್ರಿಕ ಹೆಂಟೆರಾಯ. ಅಂಗಳದ ಒಂದು ಪಾತಿ ಬಿಟ್ಟರೆ ಅವನ ಬೆಟ್ಟವೆಲ್ಲ ಬರೀ ಬಂಡೆ. ಅವನ ತಲೆಯೂ ಒಣಗಿದ ಮಣ್ಣುಹೆಂಟೆಯ ಹಾಗೇ, ಕೂದಲಿಲ್ಲದೆ ಬಿರುಕು ಬಿಟ್ಟುಕೊಂಡಿತ್ತು. ಒಂದು ಬೆಳಿಗ್ಗೆ ಅವನು ಸಾವಿರಪಾತಿಗೆ ಇಳಿದು ಬಂದ. ಕೈಯಲ್ಲಿದ್ದ ಕೋಲನ್ನು ಮೂರು ಸಲ ನೆಲಕ್ಕೆ ಕುಟ್ಟಿದ. ಕುಟ್ಟಿದ್ದೇ ತಡ, ಸಾವಿರ ಪಾತಿಯ ಮಣ್ಣೂ ಬಿಗಿದುಕೊಂಡುಬಿಟ್ಟಿತು! ಗುದ್ದಲಿ ಹಾಕಿದರೆ ಠಣ್ ಎಂದಿತು. ಹಾರೆ ಹಾಕಿದರೆ ಹಾರೆಯೇ ಬಾಗಿತು.

ದೊರೆ ಹೊನ್ನರಸ ಓಡೋಡಿ ಬಂದ. ಅವನ ಹಿಂದೆ ಛತ್ರಿಯವನು, ಅವನ ಹಿಂದೆ ಚಾಮರದವನು. ಆ ರಾಜ್ಯದಲ್ಲಿ ದೊರೆ ಯಾವತ್ತೂ ಎಲ್ಲರಿಗಿಂತ ಮುಂದೆಯೇ ನಡೆಯಬೇಕು, ಅದು ಅಲ್ಲಿನ ಪದ್ಧತಿ.

“ಏನಪ್ಪಾ ನಿನ್ನ ಹಟ?” ಎಂದ ದೊರೆ.

ಹೆಂಟೆರಾಯ ನಕ್ಕ. “ನನ್ನ ಕೊಟ್ಟಿಗೆಯಲ್ಲಿ ಉಳೋ ಮೃಗಗಳಿವೆ. ಯಾರಾದರೂ ಒಂದನ್ನ ಆರಿಸಿಕೊಂಡು, ನಾನು ತೋರಿಸಿದ ಮೂರು ಪಾತಿ ಬೇಲಿ ಮುರೀದೆ, ಪಾತಿ ದಾಟದೆ, ಹೊತ್ತು ಮುಳುಗೋದರೊಳಗೆ ಉತ್ತುಬಿಡಲಿ. ಮಣ್ಣು ಬಿಟ್ಟುಕೊಡ್ತೀನಿ. ಸೋತರೆ ಅವರು ಹೆಂಟೆ! ಮೂರನೇ ದಿನ ಹೊತ್ತು ಮುಳುಗಿದರೆ ಹೆಂಟೆ ಕಲ್ಲಾಗುತ್ತೆ. ಆಮೇಲೆ ಬ್ರಹ್ಮ ಬಂದರೂ ಒಡೆಯೋಕಾಗಲ್ಲ.”

ಮೊದಲು ಹೊರಟವನು ಮೀಸೆ ತಿರುವಿಕೊಂಡ ದಳವಾಯಿ. ಕೊಟ್ಟಿಗೆಯಲ್ಲೇ ಎಲ್ಲಕ್ಕಿಂತ ದೊಡ್ಡದಾದ, ಹೊನ್ನಕೋಡ ಎಂಬ ಮೃಗದ ಬೆನ್ನೇರಿ ಬಂದ. ಆನೆಯ ಗಾತ್ರ, ಎಂಟು ಉಕ್ಕಿನ ಉಗುರು. ಜನ ಹೋ ಎಂದು ಕೂಗಿದರು! ಮೊದಲನೇ ಪಾತಿ ಬೊಮ್ಮಜ್ಜಿಯದು, ಎರಡು ಜಾಜಿಬೇಲಿಗಳ ನಡುವೆ ಎರಡೇ ಮೊಳ ಅಗಲ. ಹೊನ್ನಕೋಡ ಒಂದು ಹೆಜ್ಜೆ ಇಟ್ಟಿತು. ಬಲಗಡೆ ಬೇಲಿ ಹೋಯಿತು. ಇನ್ನೊಂದು ಹೆಜ್ಜೆ ಇಟ್ಟಿತು. ಎಡಗಡೆ ಬೇಲಿ, ಅಜ್ಜಿಯ ಕೋಳಿಗೂಡು ಎರಡೂ ಹೋದವು. ಕಣ್ಣು ಮಿಟುಕಿಸುವಷ್ಟರಲ್ಲಿ ದಳವಾಯಿ ಒಂದು ಹೆಂಟೆಯಾಗಿ ಉರುಳಿಬಿದ್ದ. ಹೆಂಟೆರಾಯ ಕೋಲಾಡಿಸಿ ಬೇಲಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ. “ಮುಂದಿನವರು ಬನ್ನಿ!” ಎಂದ.

ಮುಂದಿನವನು ಜವರನೇ. “ಅಣ್ಣಯ್ಯ, ಒಂದು ನಿಮಿಷ ಇರು,” ಎಂದು ಕೆಂಚಿ ಅವನ ಅಂಗಿ ಹಿಡಿದಳು. “ಬಿಡೇ, ನೀನು ಹಿಟ್ಟು ಕಲಸ್ತಿರು,” ಎಂದು ಕೊಸರಿಕೊಂಡು ಹೋದ. ಅವನು ಆರಿಸಿದ್ದು ಮಿಂಚುಗೊರಸನನ್ನು. ಕುದುರೆಯಂಥ ಮೈ, ಗೊರಸಿನಲ್ಲಿ ನೇಗಿಲು, ಗಾಳಿಯಂಥ ಓಟ. ಅಜ್ಜಿಯ ಪಾತಿಯನ್ನು ಸರ್ರೆಂದು ಸೀಳಿಕೊಂಡು ಹೋಯಿತು. ಬೇಲಿಯ ಒಂದು ಹೂವೂ ಉದುರಲಿಲ್ಲ! ಎರಡನೇ ಪಾತಿ ಮೂರು ಕಡೆ ಗೋಡೆ, ಕೊನೆಯಲ್ಲಿ ಬಾವಿ. ಮಿಂಚುಗೊರಸ ಬಾವಿಯವರೆಗೆ ಹೋಯಿತು. “ಹಿಂದಕ್ಕೆ! ಹಿಂದಕ್ಕೆ!” ಎಂದು ಕೂಗಿದ ಜವರ. ಅದಕ್ಕೆ ಹಿಂದಕ್ಕೆ ಅನ್ನುವುದೇ ಗೊತ್ತಿಲ್ಲ. ಬಾವಿ ಹಾರಿತು, ಗೋಡೆ ಹಾರಿತು, ಜವರ ಗಾಳಿಯಲ್ಲೇ ಹೆಂಟೆಯಾಗಿ ದೊಪ್ಪನೆ ಬಿದ್ದ. ಹೆಂಟೆರಾಯ ಉತ್ತ ಮಣ್ಣನ್ನು ಮತ್ತೆ ಬಿಗಿದು, ದಳವಾಯಿಯನ್ನೂ ಜವರನನ್ನೂ ಚೀಲಕ್ಕೆ ಹಾಕಿಕೊಂಡು ಹೋದ.

ಕೆಂಚಿ ಎರಡು ದಿನ ಊಟ ಮಾಡಲಿಲ್ಲ. ಪಾತಿಗಳ ಬದುವಿನ ಮೇಲೆ ಕೂತು, ಕಂಡಿದ್ದನ್ನೆಲ್ಲ ಮತ್ತೆ ಮತ್ತೆ ನೆನೆದಳು. ಬೇಲಿ ಯಾಕೆ ಬಿತ್ತು? ಗೋಡೆ ಯಾಕೆ ಹಾರಬೇಕಾಯಿತು? ಮೂರನೇ ದಿನ ಬೆಳಗಾಗುತ್ತಲೇ ಸೆರಗು ಸಿಕ್ಕಿಸಿಕೊಂಡು ಎದುರುಬೆಟ್ಟ ಹತ್ತಿದಳು. ಇವತ್ತು ಹೊತ್ತು ಮುಳುಗಿದರೆ ಅಣ್ಣ ಕಲ್ಲು.

“ಬಾ ತಾಯಿ, ಬಾ ಬಾ!” ಹೆಂಟೆರಾಯ ಬಾಗಿಲಲ್ಲೇ ಬರಮಾಡಿಕೊಂಡ. “ಹೊನ್ನಕೋಡನ್ನ ನೋಡು. ಎಂಥಾ ಬಲ! ಅರಮನೆಯೋರು ಕಣ್ಣುಮುಚ್ಚಿ ಇದನ್ನೇ ತಗೊಂಡರು. ಬೇಡವಾ? ಮಿಂಚುಗೊರಸನ್ನ ನೋಡು. ನಿಮ್ಮಣ್ಣ ಆರಿಸಿದ್ದು, ಮನೆಯೋರ ಆಯ್ಕೆ ತಪ್ಪಾಗುತ್ತಾ?”

ಕೆಂಚಿ ಒಳಗೆ ಹೋದಳು. ಹೊನ್ನಕೋಡನ ಪಕ್ಕ ನಿಂತು ಮೊಳಕೈ ಹಚ್ಚಿ ಅಗಲ ಅಳೆದಳು. ನಾಲ್ಕು ಮೊಳ.

“ಏನಮ್ಮಾ, ಸೀರೆ ತಗೊಳ್ಳೋಕೆ ಬಂದಿದ್ದೀಯಾ?” ಎಂದು ಮಾಂತ್ರಿಕ ಗಹಗಹಿಸಿದ.

ಅಷ್ಟರಲ್ಲಿ ಮೂಲೆಯಿಂದ ಒಂದು ಸೀನು ಕೇಳಿಸಿತು. ಹಳೇ ಗೋಣಿತಾಟು ಅಲ್ಲಾಡಿತು. ಕೆಂಚಿ ಹೋಗಿ ಎತ್ತಿದಳು. ಒಳಗೆ ಚಿಪ್ಪುಹಂದಿಯಂಥ ಒಂದು ಪುಟ್ಟ ಮೃಗ! ಹೊಟ್ಟೆಯಡಿ ಕೊಕ್ಕೆಯಂಥ ಉಗುರುಗಳ ಎರಡು ಚಕ್ರ. ವಿಚಿತ್ರ ಅಂದರೆ ಅದರ ಕೋಡುಗಳು ಮುಂದಕ್ಕಿರಲಿಲ್ಲ. ಭುಜದಿಂದ ಎದ್ದು, ಹಿಂದಕ್ಕೆ ಬಾಗಿ, ಹಿಂದೆ ನಿಂತವರ ಸೊಂಟದ ಮಟ್ಟಕ್ಕೆ ಬಂದು ನಿಂತಿದ್ದವು.

“ಅದು ಬೇಡ ತಾಯಿ,” ಎಂದ ಹೆಂಟೆರಾಯ, ಸ್ವಲ್ಪ ಅವಸರವಾಗಿಯೇ. “ಅದರ ಮೇಲೆ ಕೂರೋಕೆ ಆಗಲ್ಲ. ಆಳಿನ ಥರ ಅದರ ಹಿಂದೆ ಹಿಂದೆ ನಡೀಬೇಕು. ಮರ್ಯಾದೆ ಇರೋರು ಯಾರೂ ತಗೊಳ್ಳಲ್ಲ.”

ಕೆಂಚಿ ಅಳೆದಳು. ಒಂದೂವರೆ ಮೊಳ. ಆಮೇಲೆ ಕೂತು ಮೃಗದ ಕಿವಿಯ ಹತ್ತಿರ ಕೇಳಿದಳು, “ಹಿಂದಕ್ಕೆ ಬರ್ತೀಯಾ?”

“ಎಡಗೋಡು ಒತ್ತಿದರೆ ಬರ್ತೀನಿ,” ಎಂದಿತು ಮೃಗ.

“ನಿಲ್ಲು ಅಂದರೆ ನಿಲ್ತೀಯಾ?”

“ಅನ್ನೋದೂ ಬೇಡ ಕಣಕ್ಕ. ಕೈ ಬಿಟ್ಟರೆ ಸಾಕು, ನಿಂತೆ.”

“ಏನು ತಿಂತೀಯಾ?”

“ಒಂದು ಸೌಟು ಹೊಂಗೆ ಎಣ್ಣೆ. ಆದರೆ ಬೆಳಿಗ್ಗೆ ನಂಗೆ ಬೇಗ ಎಚ್ಚರ ಆಗಲ್ಲ. ಬಾಲ ಹಿಡಿದು ಜಗ್ಗಬೇಕು. ಬೈಬಾರದು.”

ಕೆಂಚಿ ಎದ್ದು ನಿಂತಳು. “ಇದೇ!” ಎಂದಳು. ಅವಳು ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ಸಾವಿರಪಾತಿಯ ಜನವೆಲ್ಲ ಬೊಮ್ಮಜ್ಜಿಯ ಬೇಲಿಯ ಹತ್ತಿರ ಸೇರಿದರು. ಪುಟ್ಟ ಮೃಗವನ್ನು ಕಂಡು ಕಿಸಕ್ಕೆಂದು ನಕ್ಕರು. “ಇದೇನೇ ಹೆಗ್ಗಣ ಹಿಡ್ಕೊಂಡು ಬಂದೆ?” ಎಂದಳು ಬೊಮ್ಮಜ್ಜಿ. “ನನ್ನ ಕೋಳಿ ಹುಷಾರು ಕಣೇ!”

ಕೆಂಚಿ ಎಣ್ಣೆ ಕುಡಿಸಿದಳು. ಬಾಲ ಜಗ್ಗಿದಳು. ಗುರ್ರ್... ಸುಮ್ಮನಾಯಿತು. ಮತ್ತೆ ಜಗ್ಗಿದಳು. ಗುರ್ರ್ ಗುರ್ರ್... ಸುಮ್ಮನಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಚಿಗೆ ಬೈಗುಳ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಮೂರನೇ ಸಲ ಜಗ್ಗಿದಳು ನೋಡಿ, ಗುಡುಗುಡುಗುಡು ಗುಡುಗುಡುಗುಡು! ನೆಲ ನಡುಗಿತು, ಉಗುರಿನ ಚಕ್ರ ತಿರುಗಿತು, ಕಲ್ಲಾದ ಮಣ್ಣು ರವೆಯ ಹಾಗೆ ಮೇಲೆದ್ದಿತು! ಎರಡೂ ಕೋಡು ಹಿಡಿದು ಕೆಂಚಿ ಹಿಂದೆ ಹಿಂದೆ ನಡೆದಳು. ಆ ಬೇಲಿಗೂ ತಾಗಲಿಲ್ಲ, ಈ ಬೇಲಿಗೂ ತಾಗಲಿಲ್ಲ. ಕೋಳಿ ಅಡ್ಡ ಬಂತು. ಕೈ ಬಿಟ್ಟಳು, ನಿಂತಿತು. ಕೋಳಿ ಹೋಯಿತು. ಮತ್ತೆ ಹಿಡಿದಳು. ಮೊದಲನೇ ಪಾತಿ ಮುಗಿಯಿತು.

ಎರಡನೇ ಪಾತಿಯಲ್ಲಿ ಬಾವಿಯವರೆಗೆ ಹೋದಳು. ಇನ್ನೊಂದು ಹೆಜ್ಜೆ ಇಟ್ಟರೆ ನೀರು! ಎಡಗೋಡು ಒತ್ತಿದಳು. ಪುಟ್ಟ ಮೃಗ ಗುಡುಗುಡು ಎನ್ನುತ್ತ ಹಿಂದಕ್ಕೆ ಬಂತು, ಹೊರಳಿ ಮೂಲೆಯನ್ನೂ ಕೆದಕಿತು. ಈಗ ಯಾರೂ ನಗುತ್ತಿರಲಿಲ್ಲ. ದೊರೆ ಪದ್ಧತಿ ಮರೆತು, ಛತ್ರಿಯವನನ್ನು ತಳ್ಳಿಕೊಂಡು ಗೋಡೆಯ ಮೇಲಿಂದ ಇಣುಕುತ್ತಿದ್ದ.

ಹೆಂಟೆರಾಯನ ತಲೆಯ ಬಿರುಕು ಇನ್ನಷ್ಟು ಅಗಲವಾಯಿತು. “ಮೂರನೇದು ನನ್ನ ಅಂಗಳದ ಪಾತಿ,” ಎಂದ. “ದಳವಾಯಿ, ನಿಮ್ಮಣ್ಣ ಇಬ್ಬರೂ ಅದರೊಳಗೇ ಇದ್ದಾರೆ. ಅದನ್ನ ಮಾತ್ರ ನಾನು ಬಿಗಿದಿಲ್ಲ, ಮೆತ್ತಗೆ ಮಾಡಿಟ್ಟಿದ್ದೀನಿ. ಚೆನ್ನಾಗಿ ನೀರು ಕುಡಿಸಿದ್ದೀನಿ. ಸುಲಭ. ಹೂಂ, ಹೊಡಿ!”

ಎಲ್ಲರೂ ಎದುರುಬೆಟ್ಟ ಹತ್ತಿ ಅಲ್ಲಿಗೆ ಬಂದಾಗ ನಡುಮಧ್ಯಾಹ್ನ. ಮಣ್ಣು ಬೆಣ್ಣೆಯ ಹಾಗೆ ಮಿನುಗುತ್ತಿತ್ತು. ಜನ ಕೂಗಿದರು, “ಹೊಡಿ ಕೆಂಚಿ! ಹೊತ್ತು ಹೋಗುತ್ತೆ, ಹೊಡಿ!”

ಕೆಂಚಿ ಬಗ್ಗಿ ಒಂದು ಹಿಡಿ ತೆಗೆದು ಹಿಚುಕಿದಳು. ಬೆರಳ ಸಂದಿಯಿಂದ ಕೆಸರು ಇಳಿಯಿತು. ಅವಳು ಮೃಗದ ಕೋಡು ಬಿಟ್ಟು ಬದುವಿನ ಮೇಲೆ ಕೂತಳು.

“ಅಯ್ಯೋ, ಯಾಕೆ ಕೂತೆ?” ಎಂದು ದೊರೆಯೇ ಕೂಗಿದ.

“ಹದ ಆಗಿಲ್ಲ ದೊರೆ,” ಎಂದಳು ಕೆಂಚಿ ಸಣ್ಣ ದನಿಯಲ್ಲಿ. “ಹಸೀಲಿ ಉತ್ತರೆ ಮುದ್ದೆ ಮುದ್ದೆಯಾಗಿ ಎದ್ದು ಇಟ್ಟಿಗೆ ಥರ ಒಣಗುತ್ತೆ. ಅಣ್ಣಯ್ಯ ಅದರೊಳಗೇ ಉಳಿದುಬಿಡ್ತಾನೆ.”

ಹೆಂಟೆರಾಯನ ನಗು ನಿಂತಿತು. ಬಿಸಿಲು ಸುಟ್ಟಿತು, ಬೆಟ್ಟದ ಗಾಳಿ ಬೀಸಿತು. ನೆರಳು ಉದ್ದವಾಯಿತು. ಎರಡನೇ ಸಲ ಹಿಚುಕಿದಳು. ಮಣ್ಣು ಉಂಡೆಯಾಗಿ ನಿಂತಿತು, ಬೆರಳಿನ ಗುರುತು ಹಾಗೇ ಕೂತಿತ್ತು. ಮತ್ತೆ ಕೂತಳು. ಸೂರ್ಯ ಕೆಂಪಾದ. “ಹೋಯಿತು, ಹೋಯಿತು!” ಎಂದು ಬೊಮ್ಮಜ್ಜಿ ತಲೆಯ ಮೇಲೆ ಕೈ ಹೊತ್ತಳು. ಆದರೂ ಕೆಂಚಿ ಏಳಲಿಲ್ಲ. ಸೂರ್ಯನ ಅಂಚು ಬೆಟ್ಟಕ್ಕೆ ತಾಗಿತು. ಮೂರನೇ ಸಲ ಹಿಚುಕಿದಳು, ಬೆರಳು ಬಿಚ್ಚಿದಳು. ಉಂಡೆ ಅಂಗೈ ಮೇಲೆ ಕೂತಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಪುಸಕ್ಕನೆ ಉದುರಿತು!

“ಹದ!” ಎಂದು ಚೀರಿದಳು ಕೆಂಚಿ.

ಒಂದೇ ಸಲ ಬಾಲ ಜಗ್ಗಿದಳು. ಈ ಸಲ ಮೃಗಕ್ಕೂ ಅವಸರ, ಒಂದೇ ಜಗ್ಗಿಗೆ ಗುಡುಗುಡುಗುಡು! ಒಂದು ಸಾಲು ಹೋದಳು. ಮಣ್ಣೊಳಗಿಂದ ಒಂದು ಮೀಸೆ ಎದ್ದಿತು, ಹಿಂದೆಯೇ ದಳವಾಯಿ ಎದ್ದ. ಎರಡನೇ ಸಾಲು ಹೋದಳು. ಒಂದು ಹೆಂಟೆ ಒಡೆಯಿತು, ಕೆಮ್ಮುತ್ತ, ಕಿವಿಯಿಂದ ಮಣ್ಣು ಕೊಡವಿಕೊಳ್ಳುತ್ತ ಜವರ ಎದ್ದು ನಿಂತ! “ಅಣ್ಣಯ್ಯ!” ಎಂದಳು. ಆದರೆ ಕೈ ಬಿಡಲಿಲ್ಲ. ಇನ್ನೊಂದು ಸಾಲು ಬಾಕಿ ಇತ್ತು. ಅದರ ಕೊನೆಯಲ್ಲಿ ಹೆಂಟೆರಾಯ ಕೋಲು ಅಡ್ಡ ಹಿಡಿದು ನಿಂತಿದ್ದ. ಮೃಗ ಕೋಲನ್ನು ಕಡ್ಲೇಬೀಜದ ಸಿಪ್ಪೆಯ ಹಾಗೆ ಪುಡಿ ಮಾಡಿತು. ಕೋಲು ಹೋದದ್ದೇ ತಡ, ಹೆಂಟೆರಾಯನ ತಲೆಯ ಬಿರುಕು ಕಾಲವರೆಗೆ ಇಳಿಯಿತು. ಅವನು ನಿಂತಲ್ಲೇ ಉದುರಿ, ಒಂದು ರಾಶಿ ಹುಡಿಮಣ್ಣಾದ. ಸೂರ್ಯ ಮುಳುಗಿದ.

ಕೆಳಗೆ ಸಾವಿರ ಪಾತಿಯ ಮಣ್ಣು ಒಟ್ಟಿಗೇ ಉಸಿರು ಬಿಟ್ಟಿತು. ಆ ಸದ್ದು ಏಳು ಬೆಟ್ಟಕ್ಕೆ ಕೇಳಿಸಿತು.

ಆಮೇಲೆ ಬೊಮ್ಮಜ್ಜಿಯ ಅವರೆ ಚಪ್ಪರ ಹತ್ತಿತು, ಕುಂಬಳಕಾಯಿಗಳು ಬಾಗಿಲು ತಟ್ಟಿದವು. ಹೆಂಟೆರಾಯನಾಗಿದ್ದ ಮಣ್ಣಿನಲ್ಲಿ ಯಾರೋ ಹೀರೆಬೀಜ ಹಾಕಿದರು. ಎಂಥಾ ಹೀರೆಕಾಯಿ ಬಿಟ್ಟಿತು ಅಂತೀರಿ! ಜವರ ಊರೆಲ್ಲ ಸುತ್ತಿ, “ನನ್ನ ತಂಗಿ ಆರಿಸಿದ್ದು,” ಎಂದು ಕೊಚ್ಚಿಕೊಂಡ. ಪ್ರತಿ ಬೆಳಿಗ್ಗೆ ಮೃಗಕ್ಕೆ ಎಣ್ಣೆ ಕುಡಿಸುವ ಕೆಲಸ ಅವನದೇ ಆಯಿತು. ಹೀಗೆ ಸಾವಿರಪಾತಿಯ ಮನೆಗಳಲ್ಲಿ ಒಲೆಯೂ ಆರಲಿಲ್ಲ, ನಗುವೂ ಆರಲಿಲ್ಲ.

ಒಂದು ಮುಂಜಾನೆ ಕೆಂಚಿ ಮೃಗವನ್ನು ನಡೆಸಿಕೊಂಡು ತನ್ನ ಪಾತಿಗೆ ಬಂದಾಗ ಬೇಲಿಯಾಚೆ ದೊರೆ ಹೊನ್ನರಸ ನಿಂತಿದ್ದ. ಛತ್ರಿಯವನಿಲ್ಲ, ಚಾಮರದವನಿಲ್ಲ. ಚಪ್ಪಲಿ ಕೈಯಲ್ಲಿತ್ತು, ಪಂಚೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದ. ಕೆಂಚಿ ಮೃಗದ ಕೋಡು ಬಿಟ್ಟಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿದಳು. ಇನ್ನೂ ಬೆರಳು ಬಿಚ್ಚಿರಲಿಲ್ಲ.

“ತಾಯೀ,” ಎಂದ ದೊರೆ, ಆ ಮುಷ್ಟಿಯನ್ನೇ ನೋಡುತ್ತ. “ಹುಟ್ಟಿದಾಗಿನಿಂದ ನಾನು ಯಾರ ಹಿಂದೆಯೂ ನಡೆದವನಲ್ಲ. ಒಂದೇ ಒಂದು ಸಾಲು... ಆ ಕೋಡು ನನ್ನ ಕೈಗೆ ಕೊಡ್ತೀಯಾ?”