ಬಸ್ ಹತ್ತದ ಹೆಂಡತಿ

ಮದುವೆಯೇ ಆಗದ ನನಗೆ ಊರ ತುಂಬ ಗಯ್ಯಾಳಿ ಹೆಂಡತಿ ಎಂಬ ಹೆಸರು. ರೇಡಿಯೋದ ಹಾಸ್ಯ ಕಾರ್ಯಕ್ರಮದಲ್ಲಿ ನಾನು ಹೆಂಡತಿ, ಪೀಪಿ ಗಂಡ. ಬರೆಯುವವನೂ ಅವನೇ, ನಡುನಡುವೆ ಕೀಬೋರ್ಡ್ ನುಡಿಸಿ ಹಾಡುವವನೂ ಅವನೇ. ಆರ್ಕೆಸ್ಟ್ರಾ, ಮಿಮಿಕ್ರಿ, ಸೋಪಿನ ಜಾಹೀರಾತಿಗೆ ಹಾಡು, ಎಲ್ಲ ಮುಗಿಸಿ ಇಲ್ಲಿಗೆ ಬಂದವನು. ಎಲ್ಲರೂ ಅವನನ್ನು ಪೀಪಿ ಎಂದೇ ಕರೆಯುತ್ತಾರೆ.

ತರಕಾರಿ ಅಂಗಡಿಯವನು, "ಅಕ್ಕಾ, ಪಾಪ, ಭಾವನ್ನ ಅಷ್ಟೊಂದು ಬೈಬೇಡಿ" ಅನ್ನುತ್ತಾನೆ. ಹಲ್ಲಿನ ಡಾಕ್ಟರು, "ಬಾಯಿ ತೆಗೀರಿ ಅಂತ ನಿಮಗೆ ಹೇಳೋದೇ ಬೇಡ ಬಿಡಿ" ಎಂದು ನಗುತ್ತಾರೆ. "ಅಳಿಯಂದಿರು ಹೇಗಿದಾರೆ?" ಅನ್ನುವವರಿಗೆಲ್ಲ ವಿವರಿಸಿ ಸಾಕಾಗಿ, ಅಮ್ಮ ಈಗ "ಚೆನ್ನಾಗಿದಾರೆ" ಎಂದುಬಿಡುತ್ತಾಳೆ. ನಾನು ಅತ್ತರೂ ಜನ ನಗುತ್ತಿದ್ದರು. ನನಗೆ ಉಸಿರು ಕಟ್ಟುತ್ತಿತ್ತು.

ಬೇರೆ ಊರಿನ ನಾಟಕ ತಂಡವೊಂದು ಕರೆದಾಗ ಒಪ್ಪಿಕೊಂಡೆ.

"ಹೆಂಡತಿ ತವರಿಗೆ ಹೋದಳು ಅಂತ ಬರೆದು ನನ್ನನ್ನ ಕಳಿಸಿಬಿಡು" ಎಂದೆ.

"ಆಗಲಿ ಮಹಾರಾಣಿ" ಎಂದ ಪೀಪಿ. ತಲೆ ಮಾತ್ರ ಎತ್ತಲಿಲ್ಲ.

ಅವನು ಬರೆದ ಕಂತುಗಳಲ್ಲಿ ಮೊದಲ ವಾರ ನಾನು ಸೂಟ್‌ಕೇಸ್ ಹಿಡಿದು ಹೊರಟೆ, ಚಪ್ಪಲಿ ಕಿತ್ತುಹೋಯಿತು. ಮರುವಾರ ಬಸ್ಸಿನವರ ಮುಷ್ಕರ. ಅದರ ಮರುವಾರ ಪಕ್ಕದ ಮನೆಯ ಬೆಕ್ಕು ನನ್ನ ಸೂಟ್‌ಕೇಸಿನಲ್ಲೇ ಮರಿ ಹಾಕಿತು. ಕೇಳುಗರು ಬಿದ್ದು ಬಿದ್ದು ನಕ್ಕರು. ನಾಟಕ ತಂಡದವರು ನಗಲಿಲ್ಲ. ಸೋಮವಾರದೊಳಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು.

ನಮ್ಮ ಸ್ಟುಡಿಯೋಗೆ ಕಿಟಕಿಯಿಲ್ಲ. ಎದುರುಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಶುಕ್ರವಾರ ಅಲ್ಲಿ ಕೂತು ಅವನು ಬರೆದದ್ದನ್ನು ಓದಿದೆ. ಮೈ ಉರಿದುಹೋಯಿತು.

"ಡ್ರೈವರ್ ಕನ್ನಡಕ ಮರೆತನಂತೆ, ಬಸ್ ವಾಪಸ್ ಬಂತಂತೆ! ಯಾಕೋ, ನನ್ನನ್ನ ಇಲ್ಲೇ ಕೂಡಿಹಾಕ್ತೀಯಾ?"

"ಜನಕ್ಕೆ ಇಷ್ಟ ಆಗ್ತಿದೆ..."

"ಜನದ ಮಾತು ಬಿಡು. ನಿನ್ನ ಕಥೆ ಹೇಳು."

ಅವನ ಕೈ ಕೀಬೋರ್ಡಿಗೆ ಹೋಯಿತು. ಉತ್ತರ ಗೊತ್ತಿಲ್ಲದಾಗಲೆಲ್ಲ ಒಂದು ತಮಾಷೆ ಟ್ಯೂನ್ ಬಾರಿಸಿ ಜಾರಿಕೊಳ್ಳುವುದು ಅವನ ಹಳೆಯ ಚಾಳಿ. ನಾನು ಸ್ವಿಚ್ ಆರಿಸಿದೆ. ಅವನ ಕಿವಿ ಕೆಂಪಾಯಿತು. ನನ್ನನ್ನು ನೋಡಿದ, ಮೈಕನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ನೀನು ಹೋದೆ ಅಂತ ಬರೆಯೋಕೆ ಕೂತರೆ ಕೈಯೇ ಓಡಲ್ಲ ಕಣೆ. ಬಸ್ಸಿಗೆ ಏನಾದ್ರೂ ಆಗಿಬಿಡಲಿ ಅನ್ಸುತ್ತೆ. ನೀನಂದ್ರೆ ನನಗೆ ತುಂಬಾ ಇಷ್ಟ. ನನ್ನನ್ನ ಮದು..."

ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ನಾನು ಎಷ್ಟು ಕಾಲದಿಂದ ಕಾದಿದ್ದ ಮಾತು ಅದು! ಅಂಗೈಗೆ ಮೀಸೆ ಚುಚ್ಚಿತು. ಆದರೂ ಮನಸ್ಸು ಒಪ್ಪಲಿಲ್ಲ.

"ಇಲ್ಲಿ ಕೇಳಬೇಡ. ಇಲ್ಲಿ ನಾನು ಏನಂದ್ರೂ ನೀನು ಬರೆದ ಹೆಂಡತಿ ಅಂದಂಗೇ ಇರುತ್ತೆ. ಮೊದಲು ನನ್ನನ್ನ ಕಳಿಸು."

ನೇರ ಪ್ರಸಾರದ ಕೆಂಪು ದೀಪ ಹತ್ತಿತು. ಅವನು ಹಾಳೆ ಮಡಚಿಟ್ಟು ಮೈಕಿಗೆ ಬಗ್ಗಿದ.

"ಹೋದಳು. ನಾನೇ ಬಸ್ ಹತ್ತಿಸಿ ಬಂದೆ."

ಅದರ ಹಿಂದೆ ಜೋಕು ಬರಲಿಲ್ಲ. ಕೀಬೋರ್ಡ್ ಆನ್ ಮಾಡಿ, ನಾನು ಯಾವತ್ತೂ ಕೇಳಿರದ ಹಾಡೊಂದನ್ನು ಎತ್ತಿಕೊಂಡ. ಅರ್ಧಕ್ಕೆ ಹಾಡುವುದನ್ನು ಬಿಟ್ಟು ಉಳಿದದ್ದನ್ನು ಬರೀ ನುಡಿಸಿದ. ನಾನು ಸದ್ದಾಗದಂತೆ ಬಾಗಿಲು ತೆರೆದು ಹೊರಬಂದೆ. ಕಾರಿಡಾರಿನ ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಗೋಡೆಗೆ ಒರಗಿ ಮನಸಾರೆ ಅತ್ತೆ.

ಕಾರ್ಯಕ್ರಮ ಮುಗಿದು ಅವನು ಬಂದಾಗ ಮುಖ ಒರೆಸಿಕೊಂಡು ನಿಂತಿದ್ದೆ.

"ಈಗ ಕೇಳು" ಎಂದೆ.

"ಹೋಗ್ತೀಯಾ?"

"ಹೋಗ್ತೀನಿ."

"ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಆದ್ರೂ ಹೋಗ್ತೀನಿ."

ಊರನ್ನೆಲ್ಲ ನಗಿಸುವವನು ನಗಬೇಕೋ ಅಳಬೇಕೋ ತಿಳಿಯದೆ ನನ್ನ ಎರಡೂ ಕೈ ಹಿಡಿದುಕೊಂಡು ನಿಂತ. ತಂಡಕ್ಕೆ ಸಂಗೀತದವನೊಬ್ಬ ಬೇಕಾಗಿದ್ದಾನೆ, ಅವನ ಹೆಸರನ್ನು ನಾನಾಗಲೇ ಹೇಳಿಟ್ಟಿದ್ದೇನೆ ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಇಷ್ಟು ವಾರ ನನ್ನನ್ನು ಸತಾಯಿಸಿದ್ದಾನೆ; ಸೋಮವಾರದವರೆಗಾದರೂ ಒದ್ದಾಡಲಿ.